ಒಂದೇ ಹೆಸರಿನ ಎರಡು ಅಕ್ಕಿ: ಕುಚ್ಚಲಕ್ಕಿ ಬೆಳ್ಳಗಾದ ಕಥೆ

ಶುಗರ್ ಇದ್ದವರಿಗೆ ಕುಚ್ಚಲಕ್ಕಿ ಆಗುತ್ತದೆಯೇ? ಮಂಗಳೂರಿನಲ್ಲಿ ಈ ಪ್ರಶ್ನೆಗೆ ಮನೆಗೊಂದು ಉತ್ತರ. ಮೂರು ಹೊತ್ತೂ ಗಂಜಿ ಉಂಡೇ ಅಜ್ಜಿ ಗಟ್ಟಿಯಾಗಿದ್ದರು ಎನ್ನುವವರಿದ್ದಾರೆ, ಅನ್ನ ಬಿಟ್ಟು ಚಪಾತಿಗೆ ಹೊರಳಿದವರೂ ಇದ್ದಾರೆ. ಆದರೆ ಅಜ್ಜಿ ಉಂಡ ಅಕ್ಕಿಯೇ ಬೇರೆ, ಈಗ ಅಂಗಡಿಯಿಂದ ಬರುವ ಅಕ್ಕಿಯೇ ಬೇರೆ.

ಕುಚ್ಚಲಕ್ಕಿ ಎಂದರೆ ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ ಮಾಡಿದ ಅಕ್ಕಿ. ಹಾಗೆ ಬೇಯಿಸಿದಾಗ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಕಾಳಿನೊಳಗೆ ಇಳಿಯುತ್ತದೆ. ಪಾಲಿಶ್ ಅಕ್ಕಿ ತಿಂದು ಕಾಲು ಸೋತ ಕೋಳಿಗಳು ತೌಡು ಕೊಟ್ಟರೆ ಚೇತರಿಸಿಕೊಳ್ಳುವುದನ್ನು 1890ರ ದಶಕದಲ್ಲಿ ಜಾವಾದಲ್ಲಿ ಕಂಡ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ನಮ್ಮ ಕರಾವಳಿಯಲ್ಲಿ ಅಷ್ಟರಲ್ಲಾಗಲೇ ಹಂಡೆಯಲ್ಲಿ ಭತ್ತ ಬೇಯುತ್ತಿತ್ತು.

1974ರ ಭೂಸುಧಾರಣೆ, ಕೂಲಿಯಾಳುಗಳ ಕೊರತೆ, ಗದ್ದೆಗಳು ಅಡಿಕೆ ತೋಟವಾದದ್ದು, ಭತ್ತದ ಬೇಸಾಯ ಕುಗ್ಗಲು ಕಾರಣವಾದ ಇವೆಲ್ಲ ಗೊತ್ತಿರುವುದೇ. ಹೆಚ್ಚು ಗಮನಕ್ಕೆ ಬಾರದ್ದು ಮಿಲ್ಲಿನೊಳಗೆ ಆದ ಬದಲಾವಣೆ. ಒನಕೆಯಲ್ಲಿ ಕುಟ್ಟಿದಾಗ ತೌಡು ಪೂರ್ತಿ ಹೋಗುತ್ತಿರಲಿಲ್ಲ. ಕಾಳಿನ ಮೇಲೆ ಕೆಂಪು ಗೆರೆ ಉಳಿಯುತ್ತಿತ್ತು, ತೆಳಿಗೂ (ಗಂಜಿಯ ತಿಳಿನೀರಿಗೂ) ನಸುಗೆಂಪು ಬಣ್ಣ. ಆ ಅಕ್ಕಿ ಬೇಯಲು ತುಂಬಾ ಹೊತ್ತು ಬೇಕು. ತೌಡಿನ ಎಣ್ಣೆಯಿಂದ ದಾಸ್ತಾನು ಕಮಟು ಹಿಡಿಯುತ್ತದೆ. ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಬೇಗ ಬೇಯುವ ಅಕ್ಕಿಯನ್ನೇ ಕೇಳುವವರು ಹೆಚ್ಚಾದರು. ಮಿಲ್ಲಿನವರು ಇನ್ನೊಂದು ಸುತ್ತು ಪಾಲಿಶ್ ಮಾಡಿದರು. ಹೆಸರು ಕುಚ್ಚಲಕ್ಕಿ ಎಂದೇ ಉಳಿಯಿತು, ನಾರು ಮಾತ್ರ ತೌಡಿನ ಜೊತೆ ಹೋಯಿತು. 2013ರಲ್ಲಿ ಅನ್ನಭಾಗ್ಯ ಬಂದಾಗ ಪಡಿತರದಲ್ಲಿ ಸಿಕ್ಕಿದ್ದು ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ. ಎಷ್ಟೋ ಮನೆಗಳಲ್ಲಿ ಅದು ದೋಸೆ ಹಿಟ್ಟಿಗೆ ಹೋಯಿತು, ಊಟದ ಅಕ್ಕಿಗೆ ಮತ್ತೆ ಕೈಯಿಂದ ದುಡ್ಡು ಹಾಕಬೇಕಾಯಿತು. ಪಡಿತರದಲ್ಲೂ ಕುಚ್ಚಲಕ್ಕಿ ಕೊಡಿ ಎಂಬ ಬೇಡಿಕೆ ಹುಟ್ಟಿದ್ದು ಹೀಗೆ. ಅದು ನ್ಯಾಯವಾದ ಬೇಡಿಕೆ. ಆದರೆ ಎಷ್ಟು ಪಾಲಿಶ್ ಆದ ಕುಚ್ಚಲಕ್ಕಿ ಎಂದು ಕೇಳಿದವರು ಕಡಿಮೆ.

ಹಾಗೆಂದು ಎಲ್ಲವನ್ನೂ ಅಕ್ಕಿಯ ತಲೆಗೆ ಕಟ್ಟುವುದೂ ತಪ್ಪು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿತು. ಅವರಲ್ಲಿ ಚಪಾತಿ ತಿನ್ನುವವರೂ ಇದ್ದಾರೆ. ಹಿಂದೆ ಗಂಜಿ ಉಂಡವರು ದಿನವಿಡೀ ಕೆಸರಿನಲ್ಲಿ ಬಾಗಿ ನೇಜಿ (ಭತ್ತದ ಸಸಿ) ನೆಡುತ್ತಿದ್ದರು. ಬಟ್ಟಲಲ್ಲಿ ಹುರುಳಿ ಸಾರೋ ಬಸಳೆಯೋ ಬೂತಾಯಿ ಮೀನೋ ಇರುತ್ತಿತ್ತು. ಈಗ ಅನ್ನದ ರಾಶಿ ಅಷ್ಟೇ ಇದೆ, ಕೆಲಸ ಕುರ್ಚಿಯಲ್ಲಿ, ಸಂಜೆಗೆ ಮೈದಾದ ಗೋಳಿಬಜೆ, ಬನ್ಸ್.

ತೌಡು ಉಳಿದ ಕೆಂಪು ಕುಚ್ಚಲಕ್ಕಿಯಾದ ಕಜೆ ಅಕ್ಕಿಯಲ್ಲೂ ಪಿಷ್ಟವೇ ಹೆಚ್ಚು. ನಾರಿರುವುದರಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಅಷ್ಟೆ. ಬೇಕಾದಷ್ಟು ಉಣ್ಣಬಹುದು ಎಂದಲ್ಲ. ಅನ್ನ ಕಮ್ಮಿ ಮಾಡಿ ಎಂದು ಸಲಹೆ ಕೊಡುವಾಗ ಯಾವ ಅಕ್ಕಿ, ಎಷ್ಟು ಸೌಟು, ಜೊತೆಗೇನು ಎಂದೂ ವಿಚಾರಿಸಬೇಕು.