ಮೀಸಲಾತಿಗೆ ಹತ್ತೇ ವರ್ಷದ ಗಡುವು ಇತ್ತೇ?

ಓದುಗರ ಪ್ರಶ್ನೆ: "ಮೀಸಲಾತಿ ಹತ್ತು ವರ್ಷ ಮಾತ್ರ ಇರಲಿ ಎಂದು ಸ್ವತಃ ಅಂಬೇಡ್ಕರ್ ಅವರೇ ಹೇಳಿದ್ದರಂತೆ. ಆಮೇಲೆ ಬಂದವರು ವೋಟಿನ ಆಸೆಗೆ ಅದನ್ನು ಮುಂದುವರಿಸುತ್ತ ಹೋದರಂತೆ. ಇದು ನಿಜವೇ, ಸರ್?"

ಈ ಪ್ರಶ್ನೆ ಏಪ್ರಿಲ್ 14ರ ಆಸುಪಾಸಿನಲ್ಲಿ ಒಮ್ಮೆ, ಸಿಇಟಿ ಸೀಟು ಹಂಚಿಕೆಯ ವಾರದಲ್ಲಿ ಇನ್ನೊಮ್ಮೆ ತಪ್ಪದೆ ಬರುತ್ತದೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಉತ್ತರ ಓದಿದ ಮೇಲೂ ಅದೇ ಮಾತನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ದಾಟಿಸುವವರ ಮೇಲೆ ಸ್ವಲ್ಪ ಇದೆ. ಉತ್ತರ ಚಿಕ್ಕದು: ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿಗೆ ಸಂವಿಧಾನದಲ್ಲಿ ಹತ್ತು ವರ್ಷದ ಗಡುವು ಎಂದೂ ಇರಲಿಲ್ಲ. ಹತ್ತು ವರ್ಷ ಎಂಬುದು ಇದ್ದದ್ದು ಬೇರೊಂದು ವಿಷಯಕ್ಕೆ.

ಆ ಬೇರೊಂದು ವಿಷಯ 334ನೇ ವಿಧಿಯಲ್ಲಿದೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಕಾದಿರಿಸಿದ ಕ್ಷೇತ್ರಗಳು ಸಂವಿಧಾನ ಜಾರಿಯಾದ ದಿನದಿಂದ ಹತ್ತು ವರ್ಷದವರೆಗೆ ಇರತಕ್ಕದ್ದೆಂದು ಅದು ಮೂಲದಲ್ಲಿ ಹೇಳಿತ್ತು. ಸಂಸತ್ತು ಅದನ್ನು 1959ರ ಎಂಟನೇ ತಿದ್ದುಪಡಿಯಿಂದ ಮೊದಲ ಸಲ ವಿಸ್ತರಿಸಿತು. 2019ರ 104ನೇ ತಿದ್ದುಪಡಿಯ ಹೊತ್ತಿಗೆ ಒಟ್ಟು ಏಳು ಸಲ ವಿಸ್ತರಿಸಿದಂತಾಯಿತು, ಈಗಿನ ಅವಧಿ 2030ರ ಜನವರಿಯವರೆಗಿದೆ. "ಮುಂದುವರಿಸುತ್ತ ಹೋದರು" ಎಂಬ ಆರೋಪಕ್ಕೆ ಆಧಾರವಾಗಿರುವುದು ಇದೊಂದೇ. ತಹಶೀಲ್ದಾರ್ ಕಚೇರಿಯ ಗುಮಾಸ್ತನ ಹುದ್ದೆಗೂ ಎಂಜಿನಿಯರಿಂಗ್ ಸೀಟಿಗೂ ಇದರಿಂದ ಏನೂ ಆಗುವುದಿಲ್ಲ. ಅವುಗಳ ಮೀಸಲಾತಿಯನ್ನು ಯಾರೂ ವಿಸ್ತರಿಸಿಲ್ಲ, ಏಕೆಂದರೆ ವಿಸ್ತರಿಸಲು ಅಲ್ಲಿ ಗಡುವೇ ಇಲ್ಲ.

ಕ್ಷೇತ್ರಗಳ ವಿಷಯದಲ್ಲಾದರೂ ಹತ್ತು ವರ್ಷ ಅಂಬೇಡ್ಕರ್ ಅವರ ಬಯಕೆಯಾಗಿತ್ತೇ ಎಂದರೆ, ಅದೂ ಅಲ್ಲ. 1949ರ ಆಗಸ್ಟ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ ಅವರು, ತಾವು ವೈಯಕ್ತಿಕವಾಗಿ ಇನ್ನೂ ದೀರ್ಘ ಅವಧಿಗೆ ಒತ್ತಾಯಿಸಲು ಸಿದ್ಧರಿದ್ದುದಾಗಿಯೂ, ಪರಿಶಿಷ್ಟ ಪಂಗಡಗಳಿಗಂತೂ ಇದಕ್ಕಿಂತ ಬಹಳ ಹೆಚ್ಚಿನ ಕಾಲ ಕೊಡಲು ತಯಾರಿರುವುದಾಗಿಯೂ ಹೇಳಿದರು. ಹತ್ತೇ ವರ್ಷಕ್ಕೆ ಮುಗಿಯಬೇಕೆಂದು ಪಟ್ಟು ಹಿಡಿದ ಸದಸ್ಯರಿಗೆ, ದೊಡ್ಡ ಸಾಮ್ರಾಜ್ಯಕ್ಕೂ ಸಣ್ಣ ಮನಸ್ಸಿಗೂ ಹೊಂದಿಕೆಯಾಗದೆಂಬ ಎಡ್ಮಂಡ್ ಬರ್ಕ್‌ನ ಮಾತನ್ನು ನೆನಪಿಸಿದರು. ಎದುರಿನವರ ಹಟವನ್ನು ಚುಚ್ಚಿ ಆಡಿದ ಮಾತಿಗೆ ಅವರನ್ನೇ ಹೊಣೆ ಮಾಡುವುದು ನಮ್ಮ ಕಾಲದ ಒಂದು ವಿಚಿತ್ರ ಸಾಧನೆ.

ಇನ್ನು ಉದ್ಯೋಗದ ವಿಷಯ. ಈ ಕತೆಯನ್ನು ಬೇರುಸಹಿತ ಕೀಳುವ ಸಾಕ್ಷ್ಯ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಇಂದಿನ 16(4)ನೇ ವಿಧಿ ಕರಡಿನಲ್ಲಿ 10ನೇ ವಿಧಿಯ ಮೂರನೇ ಉಪವಿಧಿಯಾಗಿತ್ತು. 1948ರ ನವೆಂಬರ್ 30ರಂದು ಅದು ಚರ್ಚೆಗೆ ಬಂದಾಗ ಹೃದಯನಾಥ ಕುಂಜ್ರು ಅವರು, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ಸಂವಿಧಾನ ಜಾರಿಯಾದ ಮೊದಲ ಹತ್ತು ವರ್ಷಕ್ಕೆ ಸೀಮಿತಗೊಳಿಸಬೇಕೆಂದು ತಿದ್ದುಪಡಿ ಸೂಚಿಸಿದ್ದರು. ಸಭೆ ಆ ತಿದ್ದುಪಡಿಯನ್ನು ತಿರಸ್ಕರಿಸಿತು. ಅಂದರೆ ಹತ್ತು ವರ್ಷದ ಗಡುವು ಸಂವಿಧಾನ ಕರ್ತೃಗಳಿಗೆ ಹೊಳೆಯದೆ ಬಿಟ್ಟುಹೋದದ್ದಲ್ಲ. ಅದು ಲಿಖಿತವಾಗಿ ಅವರ ಮುಂದೆ ಬಂದಿತ್ತು, ಅವರು ಬೇಡವೆಂದರು. ಗಡುವಿನ ಬದಲು ಅವರು ಉಳಿಸಿಕೊಂಡದ್ದು ಒಂದು ಷರತ್ತನ್ನು: ಹಿಂದುಳಿದ ವರ್ಗವೊಂದಕ್ಕೆ ಸೇವೆಗಳಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲವೆಂದು ಸರ್ಕಾರಕ್ಕೆ ಕಂಡುಬಂದರೆ ಮೀಸಲಾತಿ ಕಲ್ಪಿಸಬಹುದು.

ಶಿಕ್ಷಣದ್ದು ಇನ್ನೂ ಸರಳ. ಕಾಲೇಜು ಪ್ರವೇಶದ ಮೀಸಲಾತಿಗೆ ಬಲ ಕೊಡುವ 15(4)ನೇ ವಿಧಿ ಮೂಲ ಸಂವಿಧಾನದಲ್ಲಿ ಇರಲೇ ಇಲ್ಲ. ಕಾಲೇಜು ಸೀಟುಗಳನ್ನು ಜಾತಿ-ಮತಗಳ ಲೆಕ್ಕದಲ್ಲಿ ಹಂಚುತ್ತಿದ್ದ ಮದ್ರಾಸು ರಾಜ್ಯದ ಕೋಮುವಾರು ಆದೇಶವನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ ಮೇಲೆ, 1951ರ ಮೊದಲ ತಿದ್ದುಪಡಿಯಿಂದ ಅದು ಸೇರಿತು; ಆಗ ಅಂಬೇಡ್ಕರ್ ಕಾನೂನು ಸಚಿವರಾಗಿದ್ದರು. 1951ರಲ್ಲಿ ಹುಟ್ಟಿದ ಉಪವಿಧಿಗೆ 1949ರಲ್ಲೇ ಯಾರೋ ಗಡುವು ಹಾಕಿದ್ದರೆಂದು ನಂಬಲು ಪಂಚಾಂಗದ ಮೇಲಿನ ನಂಬಿಕೆಯೂ ಸಾಲದು.

ಹಾಗಿದ್ದರೂ ಈ ಕತೆ ಸಾಯುವುದಿಲ್ಲ, ಏಕೆಂದರೆ ಅದರೊಳಗೆ ಒಂದು ಕಾಳು ಸತ್ಯವಿದೆ. ಪರಿಶಿಷ್ಟ ಜಾತಿಗಳ ಒಕ್ಕೂಟವು 1955ರಲ್ಲಿ ಶಾಸನಸಭೆಗಳ ಮೀಸಲು ಕ್ಷೇತ್ರಗಳನ್ನು ಕೈಬಿಡಬೇಕೆಂದು ನಿರ್ಣಯಿಸಿತ್ತು, ಮತ್ತು ಒಕ್ಕೂಟದ ನಾಯಕರು ಅಂಬೇಡ್ಕರ್ ಅವರೇ. 1932ರ ಪೂನಾ ಒಪ್ಪಂದದ ನಂತರ ಬಂದ, ಎಲ್ಲ ಜಾತಿಯವರೂ ಒಟ್ಟಾಗಿ ಮತ ಹಾಕುವ ಜಂಟಿ ಮತಕ್ಷೇತ್ರದಲ್ಲಿ ದಲಿತ ಅಭ್ಯರ್ಥಿ ಗೆಲ್ಲುವುದು ಬಹುಪಾಲು ಇತರರ ಮತಗಳಿಂದ. ಹಾಗೆ ಗೆದ್ದವನು ಯಾರಿಗೆ ಉತ್ತರದಾಯಿ ಎಂಬುದು ಅವರ ಹಳೆಯ ಅಸಮಾಧಾನ. ಆ ಅಸಮಾಧಾನ ಕ್ಷೇತ್ರಗಳ ಕುರಿತಾದದ್ದು. ಅದನ್ನು ತಂದು ಎಫ್‌ಡಿಎ ನೇಮಕಾತಿ ಪಟ್ಟಿಗೆ ಅಂಟಿಸುವುದು ಪ್ರಾಮಾಣಿಕ ಓದಲ್ಲ.

"ಹಾಗಾದರೆ ಇದಕ್ಕೆ ಕೊನೆಯೇ ಇಲ್ಲವೇ?" ಎಂಬುದು ಎರಡನೇ ಪತ್ರದಲ್ಲಿ ಬರುವ ಪ್ರಶ್ನೆ. ಇದೆ, ಆದರೆ ಅದು ಕ್ಯಾಲೆಂಡರಿನಲ್ಲಿಲ್ಲ, ಲೆಕ್ಕದಲ್ಲಿದೆ. ನಮ್ಮ ರಾಜ್ಯದ್ದೇ ಪ್ರಕರಣ ನೋಡಿ. ಮೀಸಲಾತಿಯಡಿ ಬಡ್ತಿ ಪಡೆದವರಿಗೆ ತತ್ಪರಿಣಾಮ ಜ್ಯೇಷ್ಠತೆ, ಅಂದರೆ ಬಡ್ತಿಯ ಜೊತೆಗೇ ಮೇಲಿನ ಹುದ್ದೆಯ ಹಿರಿತನವನ್ನೂ ಕೊಡುವ ಕರ್ನಾಟಕದ 2002ರ ಕಾಯ್ದೆಯ ಮುಖ್ಯ ಕಲಂಗಳನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ರದ್ದು ಮಾಡಿತು. ಪ್ರಾತಿನಿಧ್ಯದ ಕೊರತೆಯನ್ನು ಅಂಕಿ-ಅಂಶಗಳಿಂದ ತೋರಿಸಬೇಕೆಂದು 2006ರ ನಾಗರಾಜ್ ತೀರ್ಪು ಹೇಳಿದ್ದರೂ ಸರ್ಕಾರ ಆ ಕೆಲಸ ಮಾಡಿರಲಿಲ್ಲ ಎಂಬುದೇ ಕಾರಣ. ಆಮೇಲೆ ಕೆ. ರತ್ನಪ್ರಭಾ ಸಮಿತಿ ಇಲಾಖೆವಾರು ಲೆಕ್ಕ ತೆಗೆಯಿತು, ಅದರ ಆಧಾರದ ಮೇಲೆ 2018ರ ಕಾಯ್ದೆ ಬಂತು, ಅದನ್ನು ಇದೇ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಕೊರತೆಯ ಲೆಕ್ಕ ಇಲ್ಲದಿದ್ದಾಗ ಬಿದ್ದ ಕಾಯ್ದೆ ಲೆಕ್ಕ ಒದಗಿಸಿದಾಗ ನಿಂತಿತು. ಎರಡೂ ತೀರ್ಪುಗಳಲ್ಲಿ ವರ್ಷಗಳ ಎಣಿಕೆಗೆ ಪಾತ್ರವಿರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸದೆ ಬಿಡಲಾರೆ: ಉದ್ಯೋಗದ ಮೀಸಲಾತಿಗೆ ವರ್ಷಗಳ ಲೆಕ್ಕ ಹಾಕಿದವರು ಯಾರೂ ಇರಲಿಲ್ಲವೇ? ಇದ್ದರು, ಮತ್ತು ಅದು ಮೈಸೂರಿನಲ್ಲೇ. ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿಯ ಒತ್ತಾಯದ ಮೇರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಸೇವೆಗಳಲ್ಲಿ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯ ದೊರಕಿಸುವುದು ಹೇಗೆಂಬುದೇ ಅದಕ್ಕೊಪ್ಪಿಸಿದ ಕೆಲಸ. 16(4)ರ ಷರತ್ತು ನಮ್ಮಲ್ಲಿ ಮೂವತ್ತು ವರ್ಷ ಮೊದಲೇ ಬಳಕೆಯಲ್ಲಿತ್ತೆಂದು ಹೇಳಿಕೊಳ್ಳಲು ನನಗೆ ತುಸು ಹೆಮ್ಮೆಯೇ. ಇದೇ ವಿವಾದದ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. 1919ರ ವರದಿಯನ್ನು ಆಧರಿಸಿ 1921ರಲ್ಲಿ ಹೊರಟ ಆದೇಶವು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕೆಂದೂ, ಅರ್ಹರು ಸಿಕ್ಕಲ್ಲಿ ದಲಿತ ವರ್ಗದವರಿಗೆ ಆದ್ಯತೆ ಇರಬೇಕೆಂದೂ ವಿಧಿಸಿತು. ಆ ಏಳು ವರ್ಷ ಗುರಿ ಮುಟ್ಟಲು ಸರ್ಕಾರ ತನಗೆ ತಾನೇ ಹಾಕಿಕೊಂಡ ಗಡುವೇ ಹೊರತು ಹಿಂದುಳಿದವರ ಅವಕಾಶವನ್ನು ಮುಚ್ಚುವ ಗಡುವಲ್ಲ.

ಆ ಏಳು ವರ್ಷ 1928ರಲ್ಲಿ ಮುಗಿದವು, ಕೊರತೆ ಮುಗಿಯಲಿಲ್ಲ. ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಗುಂಪಿನಲ್ಲಿ ಸೇರಿಸಿದ್ದರಿಂದ ಅವರೊಳಗಿನ ಪ್ರಬಲರೇ ಮುಂದಾದರೆಂಬ ದೂರು ಉಳಿಯಿತು. 1972ರಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರ ಆಯೋಗ ಮತ್ತೆ ಜಾತಿವಾರು ಲೆಕ್ಕಕ್ಕೆ ಕೂರಬೇಕಾಯಿತು, ಮತ್ತು 1975ರ ತನ್ನ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು. ಆ ಶಿಫಾರಸು ಎಬ್ಬಿಸಿದ ಗದ್ದಲ ಇನ್ನೊಂದು ಅಂಕಣಕ್ಕಾಗುವಷ್ಟಿದೆ, ಅದನ್ನೂ ಯಾರಾದರೂ ಕೇಳಿದರೆ ಬರೆಯುತ್ತೇನೆ.