ಕಣ್ಣು ಕೆಂಪಾಗಿದೆ, ಯಾವ ಡ್ರಾಪ್ಸ್ ಹಾಕಲಿ?

ನಾಯಿ, ಬೆಕ್ಕು ಸಾಕಿದವರು ಫೋನಿನಲ್ಲಿ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಫೋಟೊ ನೋಡಿ ಔಷಧಿ ಹೇಳಲು ನಾನು ಒಪ್ಪುವುದಿಲ್ಲ. ಕೆಂಪಿಗೆ ಕಾರಣ ಧೂಳಿರಬಹುದು, ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಹುಣ್ಣಿರಬಹುದು, ಬತ್ತಿದ ಕಣ್ಣೀರಿರಬಹುದು, ಕಣ್ಣಿನೊಳಗಿನ ಒತ್ತಡ ಏರುವ ಗ್ಲುಕೋಮಾ ಇರಬಹುದು, ಉಣ್ಣೆ ಕಚ್ಚಿ ಬಂದ ಜ್ವರವೂ ಇರಬಹುದು. ಮೇಲುನೋಟಕ್ಕೆ ಇವೆಲ್ಲ ಒಂದೇ ಥರ. ಮನೆಯಲ್ಲಿ ಉಳಿದ ಸ್ಟಿರಾಯ್ಡ್ ಡ್ರಾಪ್ಸನ್ನು ಹುಣ್ಣಾದ ಕಣ್ಣಿಗೆ ಹಾಕಿದರೆ ಕಾರ್ನಿಯಾ ಕರಗಿ ತೂತು ಬೀಳುವ ಅಪಾಯವಿದೆ.

ನಮ್ಮ ಪರೀಕ್ಷೆಗೆ ಒಂದು ಕ್ರಮವಿದೆ, ಅದನ್ನು ಹಿಂದುಮುಂದು ಮಾಡುವಂತಿಲ್ಲ. ಕಣ್ಣಿಗೆ ಏನನ್ನೂ ಹಾಕುವ ಮೊದಲು ಕಣ್ಣೀರು ಅಳೆಯಬೇಕು. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಒಂದು ನಿಮಿಷ ಬಿಟ್ಟರೆ, ಆರೋಗ್ಯವಾಗಿರುವ ನಾಯಿಯಲ್ಲಿ ಅದು 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಒದ್ದೆಯಾಗುತ್ತದೆ. 10ಕ್ಕಿಂತ ಕಡಿಮೆ ಬಂದರೆ ಕಣ್ಣು ಒಣಗುತ್ತಿದೆ ಎಂದೇ ನನ್ನ ಅನುಮಾನ. ಅಂಟಂಟು ಪಿಸುರು ಕಂಡು ಸೋಂಕು ಎಂದುಕೊಂಡು ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ಬದಲಾಯಿಸುತ್ತಾ ಬಂದ ಎಷ್ಟೋ ನಾಯಿಗಳ ನಿಜವಾದ ತೊಂದರೆ ಇದೇ. ಆಮೇಲೆ ಕಣ್ಣಿನ ಒತ್ತಡ ನೋಡುತ್ತೇವೆ, ಹುಣ್ಣಿದ್ದರೆ ತೋರಿಸಿಕೊಡುವ ಹಸಿರು ಬಣ್ಣ ಹಾಕುತ್ತೇವೆ. ಪಾಪೆ ಹಿಗ್ಗಿಸುವ ಔಷಧಿ ಒತ್ತಡವನ್ನು ಏರಿಸಬಲ್ಲದು, ಹಾಗಾಗಿ ಅದರ ಸರದಿ ಕೊನೆಗೆ.

ದೃಷ್ಟಿ ಇದೆಯೇ ಎಂದು ತಿಳಿಯುವುದು ಇನ್ನೂ ಸೂಕ್ಷ್ಮ. ಅಕ್ಷರ ಓದಿಸುವಂತಿಲ್ಲವಲ್ಲ! ಹತ್ತಿಯ ಉಂಡೆಯೊಂದನ್ನು ಸದ್ದಿಲ್ಲದೆ ಕೆಳಗೆ ಬೀಳಿಸಿ, ಕಣ್ಣು ಅದರ ಹಿಂದೆ ಹೋಗುತ್ತದೆಯೇ ಎಂದು ನೋಡುತ್ತೇನೆ. ಮುಖದೆದುರು ಕೈ ತರುವಾಗ ಗಾಳಿ ಬೀಸದಂತೆ ಎಚ್ಚರ ವಹಿಸಬೇಕು. ಮೀಸೆಗೆ ಗಾಳಿ ತಾಗಿದರೂ ಬೆಕ್ಕು ಕಣ್ಣು ಮುಚ್ಚುತ್ತದೆ, ಕುರುಡಾಗಿದ್ದರೂ ಸಹ.

ಬೆಕ್ಕಿನ ಕುರುಡುತನ ಮನೆಯವರಿಗೆ ತಡವಾಗಿ ತಿಳಿಯುವುದೂ ಇದೇ ಕಾರಣಕ್ಕೆ. ಪರಿಚಿತ ಮನೆಯಲ್ಲಿ ಅದು ನೆನಪು ಮತ್ತು ಮೀಸೆಯ ಬಲದಿಂದ ಸಲೀಸಾಗಿ ಓಡಾಡಿಕೊಂಡಿರುತ್ತದೆ. ಯಾರೋ ಸೋಫಾ ಸರಿಸಿದ ದಿನ ಡಿಕ್ಕಿ ಹೊಡೆಯುತ್ತದೆ. ಹಾಗೆ ಬಂದ ಮುದಿ ಬೆಕ್ಕಿನ ಪಾಪೆಗಳು ಬೆಳಕಿನಲ್ಲೂ ದೊಡ್ಡದಾಗಿ ತೆರೆದುಕೊಂಡಿದ್ದರೆ ನಾನು ಮೊದಲು ಬಿಪಿ ನೋಡುತ್ತೇನೆ. ಮುಂಗಾಲಿಗೋ ಬಾಲದ ಬುಡಕ್ಕೋ ಪುಟ್ಟ ಪಟ್ಟಿ ಸುತ್ತಿ, ಬೆಕ್ಕು ಗಾಬರಿ ಇಳಿದು ಸುಧಾರಿಸಿಕೊಂಡ ಮೇಲೆ ಅಳೆಯುವುದು. ಮೇಲಿನ ಅಂಕಿ 180 ದಾಟಿದ್ದು, ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾ ಗೋಡೆಯಿಂದ ಕಳಚಿ ತೆಳು ಪರದೆಯಂತೆ ಅಲುಗುತ್ತಿದ್ದರೆ, ರೋಗದ ಮೂಲ ಬಹುಪಾಲು ಕಿಡ್ನಿಯಲ್ಲೋ ಥೈರಾಯ್ಡಿನಲ್ಲೋ ಇರುತ್ತದೆ. ಆಗ ಡ್ರಾಪ್ಸ್‌ನಿಂದ ಏನೂ ಆಗದು. ರಕ್ತಪರೀಕ್ಷೆ ಬೇಕು, ಬಿಪಿ ಇಳಿಸುವ ಆಮ್ಲೋಡಿಪಿನ್ ಮಾತ್ರೆ ಬೇಕು. ಬೇಗ ಬಂದರೆ ರೆಟಿನಾ ಮತ್ತೆ ಕೂತು ಸ್ವಲ್ಪವಾದರೂ ದೃಷ್ಟಿ ಮರಳುವ ಅವಕಾಶವಿದೆ. ವರ್ಷಕ್ಕೊಮ್ಮೆ ಮುದಿ ಬೆಕ್ಕಿನ ಬಿಪಿ ನೋಡಿಸಿ ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕೇ.

ನಾಯಿಯಲ್ಲಿ ಎರಡೂ ಕಣ್ಣಿಗೆ ಬೇಗ ಬೇಗ ಪೊರೆ ಬಂದರೆ ನನ್ನ ಮೊದಲ ಪ್ರಶ್ನೆ, "ನೀರು ಹೆಚ್ಚು ಕುಡಿಯುತ್ತಿದೆಯಾ?" ಶುಗರ್ ಇರುವ ನಾಯಿಗಳಲ್ಲಿ ಪೊರೆ ಬಹಳ ಸಾಮಾನ್ಯ, ಬೆಕ್ಕುಗಳಲ್ಲಿ ಅಪರೂಪ. ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣಿನ ತೆಳು ನೀಲಿ ಮಬ್ಬು ಮಾತ್ರ ಸಾಮಾನ್ಯವಾಗಿ ಪೊರೆಯಲ್ಲ. ಅದು ವಯಸ್ಸಿನದು, ಆಪರೇಷನ್ ಬೇಡ.

ಬರುವಾಗ ಪಿಸುರು ಒರೆಸಬೇಡಿ, ಅದರ ಬಣ್ಣವೂ ನನಗೆ ಸುಳಿವು. ಹಾಕಿದ ಡ್ರಾಪ್ಸ್‌ಗಳ ಬಾಟಲಿಗಳನ್ನೆಲ್ಲ ತನ್ನಿ, ಇತ್ತೀಚೆಗೆ ಮೈಮೇಲೆ ಉಣ್ಣೆ ಕಂಡಿದ್ದರೆ ಹೇಳಿ. ಕಣ್ಣು ಉಜ್ಜಿಕೊಳ್ಳದಂತೆ ಕುತ್ತಿಗೆಗೆ ಕೋನ್ ಕಟ್ಟಿ. ಕಣ್ಣು ಕೆಂಪಾಗುವ ಜೊತೆಗೆ ಮಬ್ಬಾಗಿ, ಗುಡ್ಡೆ ಉಬ್ಬಿ, ನಾಯಿ ಊಟ ಬಿಟ್ಟು ಮೂಲೆ ಸೇರಿದರೆ ಅದು ಗ್ಲುಕೋಮಾ ಆಗಿರಬಹುದು. ಒಂದೆರಡು ದಿನದಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದಾದ ಕಾರಣ, ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಹೊರಡಿ.