ಲೋಹದ ಆಟಿಕೆ ಕಾರುಗಳು: ಅಸಲಿ ಎಲ್ಲಿ ಮುಗಿಯುತ್ತದೆ, ಪ್ರತಿಕೃತಿ ಎಲ್ಲಿ ಶುರುವಾಗುತ್ತದೆ

ದಶಕಗಳ ಹಿಂದೆಯೇ ತಯಾರಿಕೆ ನಿಂತುಹೋದ ಡಿಂಕಿ ಎಂಬ ಆಟಿಕೆ ಕಾರೊಂದು ಅದೇ ಹೆಸರು, ಅದೇ ಬಣ್ಣ, ಅದೇ ಹಳದಿ ಪೆಟ್ಟಿಗೆಯೊಡನೆ ಈಗ ಹೊಚ್ಚಹೊಸದಾಗಿ ಕೈಗೆ ಸಿಗುತ್ತದೆ. ಅದನ್ನು ಸಂಗ್ರಹಯೋಗ್ಯ ವಸ್ತುವೆಂದು ಕೆಲವರು ಒಪ್ಪಿದರೆ, ಹಳೆಯದರ ಮರ್ಯಾದೆ ಕಳೆಯುವ ನಕಲೆಂದು ಇನ್ನು ಕೆಲವರು ಮೂಗು ಮುರಿಯುತ್ತಾರೆ. ಈ ಜಗಳದ ಬೇರು ಆ ಕಾರುಗಳನ್ನು ಎರಕ ಹೊಯ್ದ ಲೋಹದಲ್ಲೂ ಅವುಗಳನ್ನು ಮಾಡಿದ ಕಂಪನಿಗಳು ಮುಳುಗಿದ ರೀತಿಯಲ್ಲೂ ಇದೆ.

ಕರಗಿಸಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುವ ವಿಧಾನ ಆಟಿಕೆಗೆ ಬಂದದ್ದು ಮುದ್ರಣಾಲಯದ ಕಡೆಯಿಂದ. ಅಚ್ಚುಮೊಳೆಗಳ ಸಾಲನ್ನೇ ಎರಕ ಹೊಯ್ಯುವ ಲೈನೋಟೈಪ್ ಯಂತ್ರವನ್ನು 1893ರ ಷಿಕಾಗೋ ವಿಶ್ವಮೇಳದಲ್ಲಿ ಕಂಡ ಅಮೆರಿಕದ ಡೌಸ್ಟ್ ಸಂಸ್ಥೆಯವರು ಅದೇ ತತ್ತ್ವದಲ್ಲಿ ಸಣ್ಣಪುಟ್ಟ ಲೋಹದ ವಸ್ತುಗಳನ್ನು ಮಾಡಲು ತೊಡಗಿ, 1910ರ ದಶಕದಲ್ಲಿ ಪುಟ್ಟ ಕಾರುಗಳನ್ನೂ ತಯಾರಿಸಿದರು. ಇವೇ ಮುಂದೆ ಟೂಟ್ಸಿಟಾಯ್ ಎಂದು ಹೆಸರಾದವು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕಾನೋ ಕಂಪನಿ 1933ರಲ್ಲಿ ಇದೇ ದಾರಿ ಹಿಡಿದಾಗ ಕಾರುಗಳಿಗೆ ಸ್ವತಂತ್ರ ಸ್ಥಾನವೇ ಇರಲಿಲ್ಲ. ಆಟಿಕೆ ರೈಲಿನ ನಿಲ್ದಾಣದ ಮುಂದೆ ನಿಲ್ಲಿಸುವ ಅಲಂಕಾರವಾಗಿ ಅವು ಹುಟ್ಟಿದವು. ಮರುವರ್ಷ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂತು. ಸಂಗ್ರಾಹಕರು ಇಂದಿಗೂ ಪ್ರಮಾಣವೆಂದು ಹಿಡಿಯುವ 1:43 ಅಳತೆ, ಅಂದರೆ ನಿಜವಾದ ಕಾರಿನ ನಲವತ್ತಮೂರನೇ ಒಂದರಷ್ಟು, ಆ ರೈಲುಗಳ ಬಳುವಳಿ.

ಯುದ್ಧಾನಂತರದ ಕಥೆ ಹೆಚ್ಚು ಪರಿಚಿತವಾದದ್ದು. ಮಗಳ ಶಾಲೆಗೆ ಬೆಂಕಿಪೊಟ್ಟಣದಲ್ಲಿ ಹಿಡಿಯುವ ಆಟಿಕೆಯನ್ನಷ್ಟೇ ಒಯ್ಯಬಹುದೆಂಬ ನಿಯಮವಿದ್ದ ಕಾರಣ ಲೆಸ್ನಿ ಕಂಪನಿಯ ಪಾಲುದಾರ ಜ್ಯಾಕ್ ಓಡೆಲ್ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟದ್ದು 1953ರಲ್ಲಿ ಆ ಕಂಪನಿಯ ಮ್ಯಾಚ್‌ಬಾಕ್ಸ್ ಸಾಲಿಗೆ ನಾಂದಿಯಾಯಿತು. 1956ರಲ್ಲಿ ಮೆಟ್ಟಾಯ್ ಕಂಪನಿಯ ಕಾರ್ಗಿ ಕಾರುಗಳು ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳೊಂದಿಗೆ ಬಂದವು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಬಿಡುಗಡೆ ಮಾಡಿದ ಹಾಟ್ ವೀಲ್ಸ್, ಚಕ್ರಗಳು ಸಲೀಸಾಗಿ ಉರುಳುವಂತೆ ಮಾಡಿದ ತೆಳ್ಳನೆಯ ಆಕ್ಸಲ್‌ಗಳಿಂದಾಗಿ ಉಳಿದವರನ್ನೆಲ್ಲ ಬೆಚ್ಚಿಬೀಳಿಸಿತು.

ಲೋಹದ ವಿಚಾರವನ್ನು ಮಾತ್ರ ಹೀಗೆ ಬೇಗ ದಾಟುವಂತಿಲ್ಲ. ಈ ಕಾರುಗಳ ಮೈ ಸತುವಿನ ಮಿಶ್ರಲೋಹದ್ದು: ಸುಮಾರು ಶೇಕಡಾ 4ರಷ್ಟು ಅಲ್ಯೂಮಿನಿಯಂ, ಅಲ್ಪ ಪ್ರಮಾಣದ ತಾಮ್ರ ಮತ್ತು ಮೆಗ್ನೀಸಿಯಂ, ಉಳಿದದ್ದೆಲ್ಲ ಸತು. ಸತು ಅತ್ಯಂತ ಶುದ್ಧವಾಗಿರಬೇಕು. ಒಂದಿಷ್ಟು ಸೀಸ ಬೆರೆತರೂ ಲೋಹದ ಹರಳುಗಳ ನಡುವಿನ ಗೆರೆಗಳುದ್ದಕ್ಕೂ ಕೊರೆತ ಶುರುವಾಗುತ್ತದೆ. ತೇವ ಅದನ್ನು ಚುರುಕುಗೊಳಿಸುತ್ತದೆ. ಮೊದಲು ಬಣ್ಣದ ಕೆಳಗೆ ಗುಳ್ಳೆ, ಬಳಿಕ ಕೂದಲೆಳೆಯಂಥ ಬಿರುಕು, ಆಮೇಲೆ ಇಡೀ ಮೈ ಉಬ್ಬಿ ಬಾಗಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಯುದ್ಧಪೂರ್ವದ ಡಿಂಕಿಗಳಲ್ಲಿ ಎಷ್ಟೋ ಹೀಗೆ ಹಾಳಾಗಿವೆ. ಸಂಗ್ರಾಹಕರು ಇದನ್ನು ರೋಗವೆಂದೇ ಕರೆದರೂ ಇದು ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಎರಕ ಹೊಯ್ದ ದಿನವೇ ಒಳಸೇರಿದ ದೋಷವಾದ್ದರಿಂದ ಇದಕ್ಕೆ ಮದ್ದೂ ಇಲ್ಲ, ಒಣ ಜಾಗದಲ್ಲಿಟ್ಟು ನಿಧಾನಗೊಳಿಸಬಹುದು ಅಷ್ಟೆ. ಪ್ರತಿಕೃತಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವವರು ಈ ಸಂಗತಿಯನ್ನು ಮರೆಯುತ್ತಾರೆಂದು ನನಗನ್ನಿಸುತ್ತದೆ: ಕೆಲವು ಮಾದರಿಗಳನ್ನು ಹೆದರಿಕೆಯಿಲ್ಲದೆ ಕೈಗೆತ್ತಿಕೊಂಡು ನೋಡಬೇಕೆಂದರೆ ಮರುತಯಾರಿಯೊಂದೇ ದಾರಿ.

ಕಂಪನಿಗಳ ಪತನ ಎರಡನೆಯ ಕಾರಣ. ಡಿಂಕಿಗಳು ತಯಾರಾಗುತ್ತಿದ್ದ ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆ 1979ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಲೆಸ್ನಿ 1982ರಲ್ಲಿ, ಮೆಟ್ಟಾಯ್ 1983ರಲ್ಲಿ ದಿವಾಳಿಯ ಹಾದಿ ಹಿಡಿದವು. ಅಲ್ಲಿಂದ ಮುಂದೆ ಹೆಸರು ಒಂದು ಕಡೆ, ಅಚ್ಚು ಇನ್ನೊಂದು ಕಡೆ ಎಂಬಂತಾಯಿತು. ಅದಕ್ಕೂ ಮೊದಲೇ ಡಿಂಕಿಯ ಕೆಲವು ಅಚ್ಚುಗಳು ಕಲ್ಕತ್ತೆ ಸೇರಿ, ಅವುಗಳಿಂದ ನಿಕ್ಕಿ ಟಾಯ್ಸ್ ಹೆಸರಿನಲ್ಲಿ ಕಾರುಗಳು ಹೊರಬಿದ್ದಿದ್ದವು. ಅಚ್ಚು ಅಸಲಿ, ಹೆಸರು ಬೇರೆ. ಇವನ್ನು ಯಾವ ಸಾಲಿಗೆ ಸೇರಿಸಬೇಕು? ಇತ್ತ ಡಿಂಕಿ ಎಂಬ ಹೆಸರು 1987ರಲ್ಲಿ ಮ್ಯಾಚ್‌ಬಾಕ್ಸ್ ಒಡೆಯರ ಪಾಲಾಗಿ, ದೊಡ್ಡವರನ್ನೇ ಗಮನದಲ್ಲಿಟ್ಟು ಮಾಡಿದ ಹೊಸ 1:43 ಕಾರುಗಳ ಮೇಲೆ ಕಾಣಿಸಿಕೊಂಡಿತು. ಇಲ್ಲಿ ಹೆಸರು ಅಸಲಿ, ಅಚ್ಚು ಬೇರೆ. 1997ರಲ್ಲಿ ಎರಡೂ ಹೆಸರುಗಳು ಮ್ಯಾಟೆಲ್ ಕೈಸೇರಿದವು. ಮುಂದೆ ಅದರ ಪರವಾನಗಿ ಪಡೆದ ಅಟ್ಲಾಸ್ ಸಂಸ್ಥೆ ಹಳೆಯ ಡಿಂಕಿಗಳನ್ನು ಪೆಟ್ಟಿಗೆಸಮೇತ ಚೀನಾದಲ್ಲಿ ಮಾಡಿಸಿ ಚಂದಾದಾರರಿಗೆ ಕಳಿಸತೊಡಗಿದಾಗ ಈಗಿನ ವಾದ ಕಾವೇರಿತು.

ಮರುತಯಾರಿಯನ್ನು ಮೂಲ ಕಂಪನಿಗಳೇ ಮಾಡಿಲ್ಲವೆಂದಲ್ಲ. ಕಾರ್ಗಿಯ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್ 1965ರಲ್ಲಿ ಚಿನ್ನದ ಬಣ್ಣದಲ್ಲಿ ಬಂದಿತ್ತು, ಚಿತ್ರದಲ್ಲಿದ್ದದ್ದು ಬೆಳ್ಳಿ ಬಣ್ಣದ ಕಾರಾದರೂ. 1968ರಲ್ಲಿ ಅದನ್ನೇ ತುಸು ದೊಡ್ಡದಾಗಿ, ಬೆಳ್ಳಿ ಬಣ್ಣದಲ್ಲಿ ಮತ್ತೆ ತಂದರು. ಹಾಟ್ ವೀಲ್ಸ್ ತನ್ನ ಇಪ್ಪತ್ತೈದನೆಯ ವರ್ಷವಾದ 1993ರಲ್ಲಿ ಮೊದಲ ಕಾರುಗಳ ಪ್ರತಿಕೃತಿಗಳನ್ನು ಹೊರತಂದಿತು.

ಹಾಗಾದರೆ ಗುರುತಿಸುವುದು ಹೇಗೆ? ಕಾರನ್ನು ಬೋರಲು ಹಾಕಿ. ಹಳೆಯ ಕಾರುಗಳಲ್ಲಿ ತಳದ ತಗಡನ್ನು ಹಿಡಿದಿರುವುದು ಮೈಯಿಂದಲೇ ಹೊರಟ ಪುಟ್ಟ ಕಂಬ; ಅದರ ತುದಿಯನ್ನು ಯಂತ್ರದಿಂದ ಒತ್ತಿ ಅಣಬೆಯಂತೆ ಹರಡಿರುತ್ತಾರೆ. ಬಿಚ್ಚಿ ಮತ್ತೆ ಬಣ್ಣ ಹೊಡೆಯಬೇಕಾದರೆ ಆ ತುದಿಯನ್ನು ಕೊರೆಯಲೇಬೇಕು, ಆಮೇಲೆ ಅಲ್ಲಿ ಸ್ಕ್ರೂ ಅಥವಾ ಅಂಟು ಕಾಣಿಸುತ್ತದೆ. ಬಾಗಿಲಿನ ಗೆರೆಗಳನ್ನು ನೋಡಿ: ಮರುಬಣ್ಣ ದಪ್ಪವಾಗಿ ಕುಳಿತು ಗೆರೆಗಳನ್ನು ಮುಚ್ಚಿರುತ್ತದೆ. ಹಳೆಯ ಕಾರನ್ನೇ ಮಾದರಿಯಾಗಿಟ್ಟು ತೆಗೆದ ಅಚ್ಚಿನ ಎರಕವಾದರೆ, ಲೋಹ ಆರುವಾಗ ಕುಗ್ಗುವುದರಿಂದ ಅಳತೆ ಕೂದಲಷ್ಟು ಕಡಿಮೆ ಬರುತ್ತದೆ.

ಮ್ಯಾಚ್‌ಬಾಕ್ಸ್ ಬಳಗದಲ್ಲಿ ಬೆಳೆದ ಒಂದು ವರ್ಗೀಕರಣ ಈ ಗೊಂದಲವನ್ನು ಸ್ವಲ್ಪ ತಿಳಿಗೊಳಿಸಿದೆ. ಕಾರ್ಖಾನೆಯಿಂದಲೇ ಹಾಗೆ ಹೊರಬಂದದ್ದು ಕೋಡ್ 1. ತಯಾರಕರ ಒಪ್ಪಿಗೆಯಿಂದ ಬೇರೆಯವರು ಮಾರ್ಪಡಿಸಿದ್ದು ಕೋಡ್ 2. ಒಪ್ಪಿಗೆಯಿಲ್ಲದೆ ಬದಲಿಸಿದ್ದು ಕೋಡ್ 3. ಮೂರನೆಯದು ಅಪರಾಧವೇನಲ್ಲ, ಹಾಗೆಂದು ಹೇಳಿ ಮಾರಿದರೆ. ನನಗೆ ನಿಜವಾದ ಅಪಾಯ ಕಾಣುವುದು ಬಿಡಿಭಾಗಗಳಲ್ಲಿ. ಹೊಸ ರಬ್ಬರ್ ಟೈರು, ಹೊಸ ಸ್ಟಿಕ್ಕರು, ಹೊಸದಾಗಿ ಮುದ್ರಿಸಿದ ಪೆಟ್ಟಿಗೆ ಎಲ್ಲವೂ ಬಿಡಿಯಾಗಿ ದೊರೆಯುತ್ತವೆ. ಪೆಟ್ಟಿಗೆಯಿದ್ದರೆ ಬೆಲೆ ಎಷ್ಟೋ ಏರುವುದರಿಂದ ಹಳೆಯ ಕಾರಿಗೆ ಹೊಸ ಪೆಟ್ಟಿಗೆ ಜೋಡಿಸುವ ಆಸೆಯೂ ದೊಡ್ಡದು. ಯುದ್ಧಪೂರ್ವದ ಸಾಮಾನ್ಯ ಡಿಂಕಿ ಕಾರುಗಳನ್ನು ಅಂಗಡಿಗಳಿಗೆ ಆರರ ಪೆಟ್ಟಿಗೆಗಳಲ್ಲಿ ಕಳಿಸುತ್ತಿದ್ದರು, ಒಂದೊಂದಕ್ಕೂ ಪ್ರತ್ಯೇಕ ಪೆಟ್ಟಿಗೆ ರೂಢಿಯಾದದ್ದು 1950ರ ದಶಕದಲ್ಲಿ. ಆದ್ದರಿಂದ 1930ರ ದಶಕದ ಕಾರೊಂದು ಚೊಕ್ಕವಾದ ಹಳದಿ ಒಂಟಿ ಪೆಟ್ಟಿಗೆಯಲ್ಲಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಆ ರಟ್ಟನ್ನೇ. ಒಳ್ಳೆಯ ಮಾರಾಟಗಾರರು ಕಾರು, ಟೈರು, ಪೆಟ್ಟಿಗೆ ಮೂರರಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರೆ ಬೇರೆಯಾಗಿ ನಮೂದಿಸುತ್ತಾರೆ.